ಗೋಡೆ ಮೇಲಿದ್ದ ಮದುವೆ ಫೋಟೋ

ತುಮಕೂರಿನ ಚಿಕ್ಕಪೇಟೆ ಕಡೆ ನಾವೊಂದು ಹಳೇ ಮನೆ ಕೊಂಡೆವು. ಮೊದಲ ದಿನ ಬ್ರೋಕರ್ ಹೇಳಿದ್ದು, "ಅಕ್ಕಾ, ಪೇಪರ್ ಎಲ್ಲಾ ಕ್ಲಿಯರ್, ತಿಂಗಳೊಳಗೆ ರಿಜಿಸ್ಟ್ರೇಷನ್ ಮುಗಿಸಿಬಿಡೋಣ" ಅಂತ. ಟೋಕನ್ ಕೊಟ್ಟಿದ್ದು 2025ರ ಏಪ್ರಿಲ್‌ನಲ್ಲಿ. ನೋಂದಣಿ ಆಗಿದ್ದು ಸೆಪ್ಟೆಂಬರ್‌ನಲ್ಲಿ. ನಡುವೆ ಏನಾಯಿತು ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಯಾರೂ ಸುಳ್ಳು ಪತ್ರ ತಂದು ತೋರಿಸಿರಲಿಲ್ಲ. ಎಲ್ಲಾ ಅಸಲಿ ಪತ್ರಗಳೇ. ಅವುಗಳಲ್ಲಿ ಒಬ್ಬರ ಸಹಿ ಇರಲಿಲ್ಲ, ಅಷ್ಟೆ.

ಇದಕ್ಕೂ ಮುಂಚೆ ಎರಡು ಜಾಗ ನೋಡಿ ಬಿಟ್ಟಿದ್ದೆವು. ಮೊದಲನೆಯದು ಊರಾಚೆ ಹೊಸ ಲೇಔಟು. ಕಾಂಪೌಂಡು, ಆರ್ಚು, ರಸ್ತೆ ಬದಿಗೆ ಗಿಡ, ಎಲ್ಲಾ ಇತ್ತು. ಭೂ ಪರಿವರ್ತನೆ ಒಂದು ಆಗಿರಲಿಲ್ಲ. ಅಂದರೆ ಸರ್ಕಾರದ ಲೆಕ್ಕದಲ್ಲಿ ಅದು ಇನ್ನೂ ರಾಗಿ ಹೊಲವೇ. ಎರಡನೆಯದು ಸೈಟು, ಮಾರುವವರ ಕೈಯಲ್ಲಿ ಇದ್ದಿದ್ದು ಒಂದು ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹಾರ ಮಾಡೋಕೆ ಬರೆದುಕೊಟ್ಟ ಅಧಿಕಾರಪತ್ರ, ಮತ್ತು ನೋಟರಿ ಮಾಡಿಸಿದ ಕರಾರು. ಆ ಜಿಪಿಎ ಬರೆದುಕೊಟ್ಟವರು ತೀರಿಹೋಗಿ ಆರು ವರ್ಷ ಆಗಿತ್ತು. ನಮ್ಮ ವಕೀಲರು ಅದನ್ನ ಒಂದು ನಿಮಿಷದಲ್ಲಿ ಮಡಚಿ ವಾಪಸ್ ಕೊಟ್ಟರು. "ಕೊಟ್ಟೋರು ಹೋದ ದಿನವೇ ಇದೂ ಹೋಯ್ತಮ್ಮಾ" ಅಂದರು. ಅವರು ಬದುಕಿದ್ದಿದ್ದರೂ ಬರೀ ಜಿಪಿಎ ಮೇಲೆ ಜಾಗ ಕೈ ಬದಲಾಗಲ್ಲ, ನೋಂದಣಿಯಾದ ಕ್ರಯಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆಯಂತೆ. ಆದರೂ ಇಂಥ ಸೈಟುಗಳು ಇವತ್ತಿಗೂ ಮಾರಾಟಕ್ಕಿವೆ, ಬೆಲೆ ಸ್ವಲ್ಪ ಕಡಿಮೆ ಇರುತ್ತೆ, ಜನ ಅದಕ್ಕೇ ಬೀಳುತ್ತಾರೆ. ನಾವೂ ಬೀಳೋದರಲ್ಲಿದ್ದೆವು.

ಹಾಗಾಗಿ ಈ ಮನೆ ಸಿಕ್ಕಾಗ ನೆಮ್ಮದಿ ಅನ್ನಿಸಿತ್ತು. ಪೇಟೆ ಒಳಗಿನ ಮನೆ, ತಲೆಮಾರಿನಿಂದ ಒಂದೇ ಕುಟುಂಬ ವಾಸವಾಗಿದೆ, ಪಾಲಿಕೆ ಖಾತೆ ಇದೆ, ಕಂದಾಯ ಕಟ್ಟಿದ ರಸೀದಿಗಳನ್ನ ತಂತಿಗೆ ಚುಚ್ಚಿ ಇಟ್ಟಿದ್ದಾರೆ. ಮಾರುವ ಯಜಮಾನರಿಗೆ ಅರವತ್ತೈದು ದಾಟಿತ್ತು. 62 ಲಕ್ಷಕ್ಕೆ ಮಾತಾಯಿತು. ಐವತ್ತು ಸಾವಿರದ ಚೆಕ್ ಬರೆದು ಟೋಕನ್ ಕೊಟ್ಟೆವು.

ಬ್ಯಾಂಕಿನವರು ಸಾಲಕ್ಕೆ ಹೂಂ ಅಂದಿದ್ದರು. ಅವರ ಪ್ಯಾನೆಲ್ ವಕೀಲರು ನಾಲ್ಕು ಪುಟದ ಅಭಿಪ್ರಾಯ ಬರೆದು, ಕೊನೆಗೆ "ವಂಶವೃಕ್ಷ ಪಡೆಯತಕ್ಕದ್ದು" ಅಂತ ಒಂದು ಸಾಲು ಸೇರಿಸಿದ್ದರು. ಬ್ಯಾಂಕೇ ಸಾಲ ಕೊಡುತ್ತೆ ಅಂದಮೇಲೆ ಪತ್ರ ಸರಿ ಇರಲೇಬೇಕು ಅನ್ನೋದು ನಮ್ಮನೆಯವರ ವಾದ. ಇನ್ನೊಬ್ಬ ವಕೀಲರಿಗೆ ಯಾಕೆ ದುಡ್ಡು ಸುರಿಯಬೇಕು ಅಂತ. ಇದನ್ನ ಹಾಗೇ ನಮ್ಮ ವಕೀಲರ ಮುಂದೆ ಹೇಳಿಬಿಟ್ಟರು. ಅವರು ನಮ್ಮಪ್ಪನ ಕಾಲದವರು, ಕೋರ್ಟ್ ಹತ್ತಿರ ಮಹಡಿ ಮೇಲೊಂದು ಆಫೀಸು, ಸಿವಿಲ್ ಕೇಸು ಬಿಟ್ಟು ಬೇರೆ ಮುಟ್ಟಿದವರಲ್ಲ. ನಕ್ಕರು. "ಮನೆ ಹೋದ್ರೂ ಬ್ಯಾಂಕಿಗೆ ನಿಮ್ಮ ಸಂಬಳ ಇದೆ. ನಿಮಗೆ ಏನಿದೆ?"

ಅವರು ಪತ್ರ ಓದೋ ರೀತಿ ನೋಡಬೇಕು. ಇಸಿಯಿಂದ, ಅಂದರೆ ಆಸ್ತಿ ಮೇಲೆ ನೋಂದಣಿಯಾದ ವ್ಯವಹಾರಗಳ ಋಣಭಾರ ಪತ್ರದಿಂದ, ಶುರು ಮಾಡಲ್ಲ. ಎಲ್ಲಕ್ಕಿಂತ ಹಳೇ ಪತ್ರ ತೆಗೆದು, ಪೆನ್ಸಿಲ್ ಹಿಡಿದು, ಪ್ರತಿ ಹೆಸರಿಗೂ ಒಂದು ಕಾಗದದ ಮೇಲೆ ಗೀಟು ಎಳೆಯುತ್ತಾ ಹೋಗುತ್ತಾರೆ. ನಮ್ಮ ಮನೆಯ ಮೂಲಪತ್ರ 1958ರ ಪಾಲುಪಟ್ಟಿ. ಮಾರುವವರ ತಂದೆ ಮತ್ತು ಅವರ ಅಣ್ಣತಮ್ಮಂದಿರ ನಡುವೆ ಆಗಿದ್ದು. ಕೈಬರಹ, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿವೆ, ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆದ ಕಡೆ, "ಉತ್ತರಕ್ಕೆ ಸೇದೋ ಬಾವಿ" ಅಂತಿದೆ. ಆ ಬಾವಿ ಇದ್ದ ಕಡೆ ಈಗ ಮೊಬೈಲ್ ಅಂಗಡಿ. ಆಮೇಲೆ 1998ರ ಇನ್ನೊಂದು ಪಾಲುಪಟ್ಟಿ. ತಂದೆ ಮತ್ತು ಇಬ್ಬರು ಗಂಡುಮಕ್ಕಳು ಸೇರಿ ಮಾಡಿಕೊಂಡದ್ದು, ನೋಂದಣಿನೂ ಆಗಿದೆ. ಅದರಲ್ಲಿ ಈ ಮನೆ ದೊಡ್ಡ ಮಗನಿಗೆ, ಅಂದರೆ ನಮಗೆ ಮಾರುತ್ತಿರುವವರಿಗೆ ಬಂದಿದೆ.

ಮೂರನೇ ಪುಟದಲ್ಲಿ ಅವರ ಪೆನ್ಸಿಲ್ ನಿಂತಿತು. ನನ್ನ ಕಡೆ ತಿರುಗಿಸಿ ತೋರಿಸಿದರು. "ನಮ್ಮ ಸಹೋದರಿಯು ಮದುವೆಯಾಗಿ ಗಂಡನ ಮನೆಯಲ್ಲಿ ಸುಖವಾಗಿರುವುದರಿಂದ ಸದರಿ ಸ್ವತ್ತುಗಳಲ್ಲಿ ಆಕೆಗೆ ಯಾವ ಹಕ್ಕೂ ಇರುವುದಿಲ್ಲ."

"ಯಾವಾಗ ಮದುವೆ?" ಅಂತ ಕೇಳಿದರು.

ಮದುವೆ ತಾರೀಖು ಕಟ್ಟಿಕೊಂಡು ನಮಗೇನಾಗಬೇಕು ಅಂದುಕೊಂಡೆ. ಆಮೇಲೆ ಅವರು ಬಿಡಿಸಿ ಹೇಳಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅನ್ನೋ ಕೇಂದ್ರದ ತಿದ್ದುಪಡಿ ಬಂದಿದ್ದು 2005ರಲ್ಲಿ. ಅದಕ್ಕೆ ಮುಂಚೆ, 2004ರ ಡಿಸೆಂಬರ್ 20ರ ಒಳಗೆ ಆಗಿಹೋದ ಪಾಲುಗಳನ್ನ ಆ ಕಾಯ್ದೆ ಮುಟ್ಟಲ್ಲ. ಅಷ್ಟು ಓದಿಕೊಂಡವರು 1998ರ ಪಾಲುಪಟ್ಟಿ ನೋಡಿ ಪರವಾಗಿಲ್ಲ ಅಂದುಬಿಡುತ್ತಾರೆ. ಆದರೆ ಕರ್ನಾಟಕದಲ್ಲಿ ಅದಕ್ಕೂ ಹಳೇ ತಿದ್ದುಪಡಿ ಒಂದಿದೆ. ಜಾರಿಗೆ ಬಂದಿದ್ದು 1994ರ ಜುಲೈ 30ಕ್ಕೆ. ಆ ದಿನಕ್ಕೆ ಮದುವೆಯಾಗದೆ ಇದ್ದ ಹೆಣ್ಣುಮಗಳಿಗೆ ನಮ್ಮ ರಾಜ್ಯದಲ್ಲಿ ಆಗಲೇ ಸಮಪಾಲು ಇತ್ತು. ಅದಕ್ಕೆ ಮುಂಚೆ ಮದುವೆ ಆಗಿದ್ದರೆ ಇಲ್ಲ. ಅಂದರೆ ಈ ತಂಗಿಯ ಮದುವೆ 93ರಲ್ಲಿ ಆಗಿದ್ದರೆ ಪಾಲುಪಟ್ಟಿ ಸರಿ. 95ರಲ್ಲೋ 96ರಲ್ಲೋ ಆಗಿದ್ದರೆ, ಪಾಲು ಮಾಡುವಾಗ ಆಕೆಯನ್ನ ಬಿಟ್ಟಿದ್ದೇ ತಪ್ಪು.

"ಇಷ್ಟು ವರ್ಷದ ಮೇಲೆ ದಾವೆ ಹಾಕಿದರೆ ಗೆಲ್ತಾರಾ ಸರ್?" ಅಂತ ಕೇಳಿದೆ.

"ಗೆಲ್ಲೋದು ಸೋಲೋದು ಆಮೇಲಿನ ಮಾತಮ್ಮಾ. ಹಾಕಬಹುದು ಅಲ್ವಾ? ಹಾಕಿದ್ರೆ ಹತ್ತು ಹದಿನೈದು ವರ್ಷ ಆ ಮನೇನ ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ ಅನ್ನೋ ಹಾಗಾಗುತ್ತೆ."

ಯಜಮಾನರನ್ನ ಕೇಳಿದೆವು. "92, 93ರಲ್ಲೇ ಆಗೋಯ್ತು ಬಿಡಿ" ಅಂದರು. ವಂಶವೃಕ್ಷದಲ್ಲಿ ತಂಗಿ ಹೆಸರೇನೋ ಇತ್ತು, ಮದುವೆ ವರ್ಷ ಅಲ್ಲಿ ಯಾಕೆ ಇರುತ್ತೆ? ಬ್ರೋಕರ್ ಒಂದು ಅಫಿಡವಿಟ್ ಮಾಡಿಸಿಬಿಡೋಣ ಅಂದ. ಈ ಬ್ರೋಕರ್‌ಗಳ ಹತ್ತಿರ ಎಲ್ಲಾ ಕಾಯಿಲೆಗೂ ಅದೊಂದೇ ಮಾತ್ರೆ.

ಆ ಭಾನುವಾರ ಅಳತೆ ತೆಗೆಯೋಣ ಅಂತ ಟೇಪು ಹಿಡಿದುಕೊಂಡು ಮನೆಗೆ ಹೋದೆವು. ಪತ್ರದಲ್ಲಿ 30-40 ಅಂತಿದ್ದರೂ ಹಿಂದುಗಡೆ ಗೋಡೆ ಒಂದೂವರೆ ಅಡಿ ಒಳಗೆ ಬಂದಿತ್ತು. ಅದನ್ನ ಹಾಗೇ ಬರೆದುಕೊಂಡೆವು, ಕ್ರಯಪತ್ರದಲ್ಲಿ ಇರುವ ಅಳತೆಯನ್ನೇ ಬರೆಸಿದೆವು. ಆದರೆ ನಾನು ಹೇಳಬೇಕಾದದ್ದು ಅದಲ್ಲ. ನಡುಮನೆಯಲ್ಲಿ ಟೇಪಿನ ತುದಿ ಹಿಡಿದು ಗೋಡೆಗೆ ಒರಗಿ ನಿಂತಾಗ ತಲೆಗೆ ಏನೋ ತಗುಲಿತು. ಕಟ್ಟು ಹಾಕಿಸಿದ ಮದುವೆ ಫೋಟೋ. ಹುಡುಗಿ ತಲೆ ತುಂಬಾ ಮೊಗ್ಗಿನ ಜಡೆ, ಹುಡುಗನಿಗೆ ದೊಡ್ಡ ಮೀಸೆ. ಕೆಳಗೆ ರಟ್ಟಿನ ಮೇಲೆ ಬಂಗಾರದ ಬಣ್ಣದಲ್ಲಿ ಇಬ್ಬರ ಹೆಸರು, ಅದರ ಕೆಳಗೆ 17-11-1996.

ಯಜಮಾನರು ನನ್ನ ಹಿಂದೆಯೇ ನಿಂತಿದ್ದರು. ಇಬ್ಬರೂ ಏನೂ ಮಾತಾಡಲಿಲ್ಲ. ಅವರು ಸುಳ್ಳು ಹೇಳಿದ್ದರೋ, ನಿಜವಾಗಿ ಮರೆತಿದ್ದರೋ, ಇವತ್ತಿಗೂ ನನಗೆ ತೀರ್ಮಾನ ಮಾಡೋಕೆ ಆಗಿಲ್ಲ. ತಂಗಿ ಮದುವೆ ವರ್ಷ ನೆನಪಿಲ್ಲದ ಅಣ್ಣಂದಿರು ಇರುತ್ತಾರೆ. ನಮ್ಮಣ್ಣನಿಗೂ ನನ್ನದು ನೆನಪಿರಲಿಕ್ಕಿಲ್ಲ.

ಫೋನಲ್ಲಿ ಆ ಫೋಟೋದ ಫೋಟೋ ತೆಗೆದು ವಕೀಲರಿಗೆ ಕಳಿಸಿದೆ. ಅವರು ಎರಡು ವಾರದಲ್ಲಿ ಕ್ರಯದ ಕರಾರು ಬರೆದರು. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ ಷರತ್ತು. ಯಜಮಾನರ ಮಗ, ಮಗಳು, ತಂಗಿ, ಮೂವರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಷ್ಟು ದಿನದೊಳಗೆ ಅದು ಆಗದಿದ್ದರೆ ಮುಂಗಡ ಪೂರ್ತಿ ವಾಪಸ್. ತಂಗಿ ಬರೀ ಒಪ್ಪಿಗೆ ಸಾಕ್ಷಿ ಅಂತ ಹಾಕಿದರೆ ಸಾಲದು, ಮಾರುವವರಲ್ಲೇ ಒಬ್ಬರಾಗಿ ಬರೆದುಕೊಡಬೇಕು ಅಂತ ವಕೀಲರು ಪಟ್ಟು ಹಿಡಿದರು. ಸಾಕ್ಷಿ ಹಾಕಿದವರು ನಾಳೆ "ನಾನು ನೋಡಿದೆ ಅಂತ ಹಾಕಿದೆ, ಕೊಟ್ಟೆ ಅಂತ ಹಾಕಲಿಲ್ಲ" ಅನ್ನಬಹುದಂತೆ. ಮಗ ಮಗಳ ಸಹಿ ಯಾಕೆ ಅಂದರೆ, ಪಾಲಿನಲ್ಲಿ ಬಂದ ಪಿತ್ರಾರ್ಜಿತದಲ್ಲಿ ಅವರಿಗೂ ಹಕ್ಕಿದೆ.

ಆಗಲೇ ದುಡ್ಡಿನ ಇನ್ನೊಂದು ಮಾತೂ ಬಂತು. 45 ಲಕ್ಷ ಅಂತ ಬರೆಸಿ, ಉಳಿದ 17 ಕೈಗೆ ಕೊಡಿ ಅಂತ ಬ್ರೋಕರ್. ಎಲ್ಲರೂ ಹಾಗೇ ಮಾಡೋದು ಅಂತ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ಮುಂಗಡ ತೆಗೆದುಕೊಳ್ಳೋ ಹಾಗೇ ಇಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದು ಅವರ ತಲೆನೋವು ಅಂದುಕೊಂಡರೂ, ನಾಳೆ ಏನಾದರೂ ಎಡವಟ್ಟಾಗಿ ಹಣ ವಾಪಸ್ ಕೇಳಬೇಕಾಗಿ ಬಂದರೆ ಕೋರ್ಟಿಗೆ ತೋರಿಸೋಕೆ ನಮ್ಮ ಕೈಯಲ್ಲಿ ಇರೋದು 45ರ ಕಾಗದ. ನಾನು ಲೆಕ್ಕ ಬರೆಯೋ ಕೆಲಸದವಳು, ಆಗಲ್ಲ ಅಂದೆ.

ಇಸಿ ವಿಷಯ ಬೇಗ ಹೇಳಿಬಿಡುತ್ತೇನೆ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಆನ್‌ಲೈನ್ ಸಿಗುತ್ತೆ. ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ಹಳೇ ಪುಸ್ತಕ ಹುಡುಕಿಸಬೇಕು. ನಮ್ಮದರಲ್ಲಿ 2011ರ ಅಡಮಾನ ಒಂದು ಕಾಣಿಸಿತು, ಅದು ತೀರಿದ ದಾಖಲೆ ಇರಲಿಲ್ಲ. ಸೊಸೈಟಿ ಸಾಲ, ಯಾವತ್ತೋ ಕಟ್ಟಿ ಮುಗಿಸಿದ್ದರು, ತೀರುವಳಿ ಪತ್ರ ನೋಂದಣಿ ಮಾಡಿಸಿರಲಿಲ್ಲ. ಅದೊಂದು ವಾರದ ಕೆಲಸ. ನಾನು ಗಮನಿಸಿದ್ದು ಬೇರೆ. ಇಸಿ ಅನ್ನೋದು ನೋಂದಣಿ ಆಗಿರೋದನ್ನ ಮಾತ್ರ ಹೇಳುತ್ತೆ. ಬಾಂಡ್ ಪೇಪರಿನ ಮೇಲೆ ಮಾಡಿಕೊಂಡ ಕರಾರು, ಪತ್ರ ಒತ್ತೆ ಇಟ್ಟು ತಂದ ಕೈಸಾಲ, ಕೋರ್ಟಿನಲ್ಲಿರೋ ದಾವೆ, ಪಾಲು ಸಿಗದ ತಂಗಿ, ಇವರ್‍ಯಾರೂ ಅದರಲ್ಲಿ ಕಾಣಿಸಲ್ಲ. ದಾವೆಗೆ ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಹುಡುಕಿದೆವು. ಪೇಪರಿನಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಕಾದೆವು. ಯಾರೂ ಬರಲಿಲ್ಲ. ಅಸಲಿ ಪತ್ರಗಳು ಅವರ ಬೀರುವಿನಲ್ಲೇ ಇದ್ದವು, ಕಣ್ಣಾರೆ ನೋಡಿದೆವು.

ಇನ್ನು ತಂಗಿ. ಅವರು ಇದ್ದಿದ್ದು ತಿಪಟೂರಿನಲ್ಲಿ. ನಾನು ಹೋಗಿ ಮಾತಾಡಿಕೊಂಡು ಬರ್ತೀನಿ ಅಂದ ಯಜಮಾನರು ಮೂರು ವಾರ ಹೋಗಲಿಲ್ಲ. ನಾಳೆ, ನಾಡಿದ್ದು, ಅಮಾವಾಸ್ಯೆ ಕಳೀಲಿ. ಕೊನೆಗೆ "ನಾನೂ ಬರ್ತೀನಿ ನಡೀರಿ" ಅಂತ ಒಂದು ಬೆಳಿಗ್ಗೆ ರೈಲು ಹತ್ತಿಸಿದೆ. ದಾರಿಯುದ್ದಕ್ಕೂ ಅವರು ಕಿಟಕಿ ಆಚೆ ನೋಡುತ್ತಾ ಕೂತಿದ್ದರು. ಸ್ಟೇಷನ್ ಇಳಿದಮೇಲೆ ಅರ್ಧ ಕೆಜಿ ಮೈಸೂರು ಪಾಕ್ ಕಟ್ಟಿಸಿದರು.

ಆ ಅಮ್ಮನಿಗೆ ಐವತ್ತರ ಮೇಲೆ ವಯಸ್ಸು. ಅಟ್ಟದ ಮೇಲೆ ಕೊಬ್ಬರಿ, ಮನೆಯೆಲ್ಲ ಅದೇ ವಾಸನೆ. ನಮಗೆ ಮಜ್ಜಿಗೆ ಕೊಟ್ಟು, ಕನ್ನಡಕ ಹಾಕಿಕೊಂಡು, "ಏನದು, ಓದ್ತೀನಿ ಕೊಡಿ" ಅಂದರು. ನಾನು ಒಯ್ದಿದ್ದ 98ರ ಪಾಲುಪಟ್ಟಿ ನಕಲು ಕೊಟ್ಟೆ. ಅವರು ಅದನ್ನ ನೋಡಿದ್ದು ಅದೇ ಮೊದಲು. ಬೆರಳಿಟ್ಟು ಓದುತ್ತಾ ಬಂದರು. ಮೂರನೇ ಪುಟಕ್ಕೆ ಬಂದಾಗ ನಾನು ಮಜ್ಜಿಗೆ ಲೋಟ ನೋಡುತ್ತಾ ಕೂತೆ.

"ಸುಖವಾಗಿರುವುದರಿಂದ" ಅಂತ ಜೋರಾಗಿ ಓದಿದರು. ಅಣ್ಣನ ಕಡೆ ತಿರುಗಿ, "ನಾನು ಸುಖವಾಗಿದ್ದೀನಿ ಅಂತ ನಿಂಗ್ಯಾರು ಹೇಳಿದ್ರಣ್ಣಾ? 98ರಲ್ಲಿ ಇವರಿಗೆ ಕೆಲಸ ಇಲ್ದೆ ನಾನು ಬಟ್ಟೆ ಹೊಲಿದು ಮನೆ ನಡೆಸ್ತಿದ್ದೆ. ಆಗ ನೀನು ಒಂದಿನ ಬಂದು ನೋಡಿದ್ಯಾ?"

ಯಜಮಾನರು, ಅದು ಬರೆಯೋರು ಹಾಗೇ ಬರೀತಾರೆ ಕಣಮ್ಮಾ, ಎಲ್ಲರಿಗೂ ಹಾಗೇ ಬರೆಯೋದು ಅಂದರು. ಅದು ನಿಜ ಕೂಡ. ನನ್ನ ಹಕ್ಕು ಬಿಡುಗಡೆ ಪತ್ರದಲ್ಲೂ ಹಾಗೇ ಏನೋ ಇದೆ. ಅಪ್ಪ ಹೋದ ಮೇಲೆ ಅಣ್ಣ ಕರೆದ, ಹೋದೆ, ಎಲ್ಲಿ ತೋರಿಸಿದರೋ ಅಲ್ಲಿ ಹೆಬ್ಬೆಟ್ಟು ಒತ್ತಿ ಬಂದೆ, ಅರಿಶಿನ ಕುಂಕುಮಕ್ಕೆ ಅಂತ ಒಂದು ರೇಷ್ಮೆ ಸೀರೆ ಕೊಟ್ಟರು. ಒಂದು ಸಾಲೂ ಓದಲಿಲ್ಲ. ಈಗ ಬೇರೆಯವರ ಪತ್ರ ಹಿಡಿದು ಊರೂರು ಅಲೆಯುತ್ತಿದ್ದೆ.

ಹಣದ ಮಾತಿಗೆ ನಾನು ಹಿತ್ತಲಿಗೆ ಎದ್ದು ಹೋದೆ. ಅರ್ಧ ಗಂಟೆ ಬಿಟ್ಟು ಬಂದಾಗ ನಾಲ್ಕು ಲಕ್ಷ ಅಂತ ಆಗಿತ್ತು. ಯಜಮಾನರು ಐವತ್ತು ಸಾವಿರದಿಂದ ಶುರು ಮಾಡಿದ್ದರಂತೆ. ನಮ್ಮ 62ರಲ್ಲೇ ಅದು, 58 ಅವರಿಗೆ, 4 ಇವರಿಗೆ, ನೇರ ಅವರವರ ಖಾತೆಗೆ. ಕಾನೂನು ಪ್ರಕಾರ ಕೇಳಿದರೆ ಜಾಸ್ತಿಯೇ ಬರುತ್ತಿತ್ತು, ಅದು ಅವರಿಗೂ ಗೊತ್ತಿತ್ತು. "ಕೋರ್ಟು ಗೀರ್ಟು ಬೇಡ. ಆದರೆ ಆ ಸಾಲು ಇನ್ನೊಂದ್ಸಲ ಬರೀಬೇಡಿ" ಅಂತ ನನಗೆ ಹೇಳಿದರು.

ಇಷ್ಟಾಯಿತಲ್ಲ ಅಂದುಕೊಂಡರೆ ಯಜಮಾನರ ಮಗಳು ದುಬೈನಲ್ಲಿ. ರಜೆ ಇಲ್ಲ. ಹಾಗಾಗಿ ಆಕೆ ತನ್ನ ತಮ್ಮನಿಗೆ ಅಧಿಕಾರಪತ್ರ ಕೊಡಬೇಕು. ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣ ಆಗಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಮೊದಲ ಸಲ ಕಳಿಸಿದ್ದರಲ್ಲಿ ಸ್ವತ್ತಿನ ವಿವರವೇ ಇರಲಿಲ್ಲ, "ನನ್ನ ಎಲ್ಲಾ ಆಸ್ತಿ" ಅಂತಿತ್ತು. ಮತ್ತೆ ಮಾಡಿಸಿದ್ದು, ಮತ್ತೆ ಕೊರಿಯರ್. ಜುಲೈ ಹೋಯಿತು, ಆಗಸ್ಟ್ ಬಂತು. ಇತ್ತ ಇ-ಖಾತಾದಲ್ಲಿ, ಅಂದರೆ ಪಾಲಿಕೆಯ ಡಿಜಿಟಲ್ ಖಾತೆಯಲ್ಲಿ, ಯಜಮಾನರ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ವ್ಯತ್ಯಾಸ, ಅದನ್ನ ತಿದ್ದಿಸಿದ್ದು ಬೇರೆ ಕಥೆ. ಇ-ಖಾತಾ ಇಲ್ಲದೆ ಈಗ ನೋಂದಣಿ ಮುಂದಕ್ಕೇ ಹೋಗಲ್ಲ.

ಆಗಸ್ಟ್ ಕೊನೆ ವಾರ ಸುದ್ದಿ ಬಂತು. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ. ನಮ್ಮ ಅಧಿಕಾರಪತ್ರ ಇನ್ನೂ ಕಚೇರಿಯಲ್ಲೇ ಇತ್ತು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಸರ್ಚಾರ್ಜು ಸೇರಿ ಶೇ 5.6, ಅಂದರೆ 3,47,200 ರೂಪಾಯಿ, ಅದು ಮೊದಲಿಂದಲೂ ಗೊತ್ತಿತ್ತು. ನೋಂದಣಿ ಶುಲ್ಕ ಮಾತ್ರ 62 ಸಾವಿರ ಇದ್ದದ್ದು 1,24,000 ಆಯಿತು. ನಮ್ಮನೆಯವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮದುವೆ ಫೋಟೋಗೆ 62 ಸಾವಿರ ಅಂತ ಈಗಲೂ ಹಂಗಿಸುತ್ತಾರೆ.

ತೆರಿಗೆ ಕಡಿತದಲ್ಲಿ ಒಂದು ಕೊಕ್ಕೆ ಇತ್ತು, ನಾನು ಲೆಕ್ಕದವಳಾಗಿದ್ದರಿಂದ ಸಿಕ್ಕಿತು. ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಕೊಳ್ಳುವವರೇ ಶೇ 1 ಹಿಡಿದು ಆಗಿನ 26ಕ್ಯೂಬಿ ನಮೂನೆಯಲ್ಲಿ ಸರ್ಕಾರಕ್ಕೆ ಕಟ್ಟಬೇಕಿತ್ತು. ಮಾರುವವರಿಗೆ ಪ್ಯಾನ್ ಇಲ್ಲದಿದ್ದರೆ, ಇದ್ದರೂ ಆಧಾರ್‌ಗೆ ಜೋಡಿಸದೆ ಆ ಪ್ಯಾನ್ ನಿಷ್ಕ್ರಿಯವಾಗಿದ್ದರೆ, ಶೇ 1ರ ಬದಲು ಶೇ 20. ನಾವು ಶೇ 1 ಹಿಡಿದು ಹಣ ಕೊಟ್ಟುಬಿಟ್ಟಿದ್ದರೆ ಉಳಿದದ್ದಕ್ಕೆ ನೋಟಿಸು ನಮಗೇ ಬರುತ್ತಿತ್ತು. ತಿಪಟೂರಿನ ಅಮ್ಮನಿಗೆ ಪ್ಯಾನೇ ಇರಲಿಲ್ಲ. ಫೋನಲ್ಲಿ ಆಧಾರ್ ಓಟಿಪಿ ಹೇಳಿಸಿಕೊಂಡು ನಾನೇ ಇ-ಪ್ಯಾನ್ ಮಾಡಿಸಿಕೊಟ್ಟೆ, ಪುಕ್ಕಟೆ. ಕೊಳ್ಳುವವರು ನಾವಿಬ್ಬರು, ಹಣ ಪಡೆಯುವವರು ಅವರಿಬ್ಬರು, ಹಾಗಾಗಿ ನಾಲ್ಕು ನಮೂನೆ ತುಂಬಬೇಕಾಯಿತು.

ನೋಂದಣಿ ದಿನ ಎಲ್ಲಾ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕರಡನ್ನ ಮೊದಲೇ ಕಾವೇರಿಗೆ ಹಾಕಿ, ಶುಲ್ಕ ಕಟ್ಟಿ, ಸ್ಲಾಟ್ ತೆಗೆದುಕೊಂಡಿದ್ದೆವು. ಹೋಗಿ ಫೋಟೋ, ಹೆಬ್ಬೆಟ್ಟು, ಸಹಿ. ತಂಗಿ ಬೆಳಗ್ಗಿನ ರೈಲಿಗೆ ಬಂದಿದ್ದರು. ಹೆಬ್ಬೆಟ್ಟು ಒತ್ತೋಕೆ ಮುಂಚೆ ಕನ್ನಡಕ ತೆಗೆದು ಹಾಕಿಕೊಂಡು ಕ್ರಯಪತ್ರ ಪೂರ್ತಿ ಓದುತ್ತೇನೆ ಅಂದರು. ಹಿಂದೆ ಇನ್ನೊಂದು ಪಾರ್ಟಿ ಕಾಯುತ್ತಿತ್ತು, ಬರಹಗಾರ ಗೊಣಗಿದ. ವಕೀಲರು, ಓದಲಿ ಬಿಡಪ್ಪಾ ಅಂದರು. 1998ರ ಪಾಲುಪಟ್ಟಿಯ ವಿಷಯ ಬರುವ ಕಡೆ ಈ ಸಲ "ಸದರಿ ವಿಭಾಗದಲ್ಲಿ ಇವರಿಗೆ ಪಾಲು ಕೊಟ್ಟಿರುವುದಿಲ್ಲ" ಅಂತಷ್ಟೇ ಇತ್ತು. ಅವರು ಅದನ್ನ ಎರಡು ಸಲ ಓದಿ, ಹೂಂ ಅಂದು ಯಂತ್ರದ ಮೇಲೆ ಹೆಬ್ಬೆರಳು ಇಟ್ಟರು. ಹೊಲಿಗೆ ಹಾಕಿ ಸವೆದಿತ್ತೋ ಏನೋ, ಮೂರು ಸಲ ಒತ್ತಿದ ಮೇಲೆ ತೆಗೆದುಕೊಂಡಿತು.

ಅಕ್ಟೋಬರ್‌ನಲ್ಲಿ ನಮ್ಮ ಹೆಸರು ಬಂದಿದೆಯಾ ಅಂತ ನೋಡೋಕೆ ಹೊಸ ಇಸಿ ತೆಗೆಸಿದೆ. ಬರೆಸಿಕೊಂಡವರು ಅನ್ನೋ ಕಡೆ ನಾವಿಬ್ಬರು. ಬರೆದುಕೊಟ್ಟವರು ಅನ್ನೋ ಕಡೆ ಯಜಮಾನರು, ಮಗ, ಮಗಳು, ಆಮೇಲೆ ಆಕೆ. ವಾಟ್ಸಾಪ್‌ನಲ್ಲಿ ಅವರಿಗೂ ಒಂದು ಪ್ರತಿ ಕಳಿಸಿದೆ, ಕೇಳಿದ್ದರು. ರಾತ್ರಿ ಫೋನ್ ಮಾಡಿ, "ನನ್ನ ಹೆಸರಲ್ಲಿ ದೀರ್ಘ ಬಿಟ್ಟಿದ್ದಾರೆ ನೋಡಮ್ಮಾ" ಅಂದರು. ಹೌದು, ಬಿಟ್ಟಿದ್ದರು.